ಕಡಲು ಒಂದೇ, ದಡ ಹಲವು

ಮಕ್ಕಳನ್ನು ಕಾಲೇಜಿಗೆ ಸೇರಿಸಲು ಘಟ್ಟದ ಮೇಲಿನಿಂದ ಮಂಗಳೂರಿಗೆ ಬರುವ ತಂದೆ-ತಾಯಿಯರ ದಿನಚರಿ ಹೆಚ್ಚುಕಡಿಮೆ ಒಂದೇ ಬಗೆಯದು. ರಾತ್ರಿ ಬಸ್ಸಿನಿಂದ ಇಳಿದು, ಕಾಲೇಜಿನ ಕಚೇರಿಯ ಮುಂದೆ ಸಾಲು ನಿಂತು, ಶುಲ್ಕ ಕಟ್ಟಿ, ಹಾಸ್ಟೆಲ್ ಕೋಣೆಗೆ ಹಾಸಿಗೆ-ಬಕೆಟ್ಟು ಸಾಗಿಸುವಷ್ಟರಲ್ಲಿ ಸಂಜೆ ನಾಲ್ಕಾಗಿರುತ್ತದೆ. ಆಗ ಜೊತೆಗೆ ಬಂದ ತಂಗಿಯೋ ತಮ್ಮನೋ ರಾಗ ಎಳೆಯುತ್ತಾರೆ: 'ಅಪ್ಪಾ, ಸಮುದ್ರ ನೋಡದೇ ಹೋಗೋದಾ?' ರಿಕ್ಷಾ ಹತ್ತಿ 'ಬೀಚಿಗೆ ಬಿಡಿ' ಎಂದರೆ, ಚಾಲಕ ಹಿಂತಿರುಗಿ ಕೇಳುತ್ತಾನೆ, 'ಯಾವ ಬೀಚಿಗೆ ಮಾರಾಯ್ರೇ?'

ಅಪ್ಪನಿಗೆ ಗಲಿಬಿಲಿ. ಸಮುದ್ರ ಎಂದರೆ ಸಮುದ್ರ, ಅದರಲ್ಲಿ ಯಾವುದು ಎಂಬ ಪ್ರಶ್ನೆ ಎಲ್ಲಿಂದ ಬಂತು? ಆದರೆ ಆ ದಿನ ಕೇಳಬೇಕಾದ ಪ್ರಶ್ನೆಗಳಲ್ಲಿ ಇದು ಸಣ್ಣದೇನಲ್ಲ. ಅಪ್ಪ-ಅಮ್ಮ ರಾತ್ರಿಯ ಬಸ್ಸಿಗೆ ಊರಿಗೆ ಮರಳುತ್ತಾರೆ. ಮಗನೋ ಮಗಳೋ ಮುಂದಿನ ನಾಲ್ಕು ವರ್ಷ ಈ ಕಡಲಿನ ಪಕ್ಕದಲ್ಲೇ ಇರಬೇಕು, ಗೆಳೆಯರ ಜೊತೆ, ಹೇಳುವವರು ಕೇಳುವವರು ಇಲ್ಲದೆ. ಕಡಲಿನೊಡನೆ ಹೇಗಿರಬೇಕೆಂಬ ಮೊದಲ ಪಾಠ ಆ ಸಂಜೆಯೇ ಆಗಿಬಿಡುವುದುಂಟು.

ದಕ್ಷಿಣದ ಸೋಮೇಶ್ವರದಿಂದ ಉತ್ತರದ ಸಸಿಹಿತ್ಲುವರೆಗೆ ಸುಮಾರು 40 ಕಿ.ಮೀ.ಗಳೊಳಗೆ ಮಂಗಳೂರಿಗರು ಸಂಜೆ ಕಳೆಯಲು ಹೋಗುವ ದಡಗಳು ಆರೇಳಾದರೂ ಇವೆ. ಎಲ್ಲವಕ್ಕೂ ಬಂದು ಬಡಿಯುವುದು ಒಂದೇ ಅರಬ್ಬೀ ಸಮುದ್ರ. ಆದರೂ ಒಂದು ಕಡೆ ಐದು ವರ್ಷದ ಮಗು ಪಾದ ನೆನೆಸಿಕೊಂಡು ನಗುತ್ತಿರುತ್ತದೆ, ಇನ್ನೊಂದು ಕಡೆ ಈಜುಗಾರರೂ ಹಿಂದೆ ಸರಿಯುತ್ತಾರೆ.

ತೊಡಕಿನ ಸಂಗತಿಯೆಂದರೆ, ಅನೇಕ ಕಾಲೇಜುಗಳ ಪ್ರವೇಶದ ದಿನಗಳು ಬರುವುದು ಕಡಲು ಅತ್ಯಂತ ಸಿಟ್ಟಿನಲ್ಲಿರುವ ತಿಂಗಳುಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನವೃದ್ಧಿಯ ಕಾಲವೆಂಬುದು ಒಂದು ಕಾರಣ. ಮಳೆಗಾಲದ ಕಡಲಿನ ಅಬ್ಬರ ಇನ್ನೊಂದು. ಹುಟ್ಟಿದಂದಿನಿಂದ ಕಡಲನ್ನು ಬಲ್ಲ ಮೊಗವೀರರ ದೋಣಿಗಳೇ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ, ಕೆರೆಯಲ್ಲಿ ಈಜು ಕಲಿತವನು ನೀರಿಗಿಳಿಯುವ ಮಾತೇ ಬೇಡ. ಸೆಪ್ಟೆಂಬರ್ ಮುಗಿಯುವವರೆಗೂ ಕಡಲು ನೋಡುವುದಕ್ಕೆ ಮಾತ್ರ.

ಹಾಗೆ ನೋಡುವುದಕ್ಕೂ ಮೊದಲ ಸಲ ಹೋಗುವವರಿಗೆ ಪಣಂಬೂರೇ ಸೂಕ್ತ. ನಗರದಿಂದ ಸುಮಾರು 10 ಕಿ.ಮೀ. ಉತ್ತರಕ್ಕೆ, ನವಮಂಗಳೂರು ಬಂದರಿನ ಮಗ್ಗುಲಲ್ಲೇ ಇದೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಸುರತ್ಕಲ್ ಕಡೆಗೆ ಹೊರಡುವ ಸಿಟಿ ಬಸ್ಸು ಹತ್ತಿ ಹೆದ್ದಾರಿಯಲ್ಲಿ ಇಳಿದರೆ, ಅಲ್ಲಿಂದ ಪಡುವಣಕ್ಕೆ ನಡೆಯಬಹುದು ಅಥವಾ ರಿಕ್ಷಾ ಹಿಡಿಯಬಹುದು. ಬಂದರಿನೊಳಕ್ಕೆ ಬರಲು ಸರದಿ ಕಾಯುತ್ತ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ಕತ್ತಲಾದ ಮೇಲೆ ಅವುಗಳ ದೀಪಗಳು ನೀರಿನ ಮೇಲೊಂದು ಬೀದಿ ಇದ್ದಂತೆ ತೋರುತ್ತವೆ. ಜನಜಂಗುಳಿ, ಚರುಮುರಿ ಅಂಗಡಿ, ಒಂಟೆ ಸವಾರಿ, ಗಾಳಿಪಟ ಎಲ್ಲ ಉಂಟು. ಏಕಾಂತ ಬಯಸುವವರು ಮೂಗು ಮುರಿಯುತ್ತಾರೆ. ಆದರೆ ಆ ಜನಜಂಗುಳಿಯೇ ಇಲ್ಲಿನ ದೊಡ್ಡ ಗುಣ. ಸೀಟಿ ಹಿಡಿದ ಜೀವರಕ್ಷಕರಿರುತ್ತಾರೆ, ಮಳೆಗಾಲದಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ಅವರ ಸೀಟಿಯನ್ನು ಕೇಳಿಯೂ ಕೇಳದಂತೆ 'ಇನ್ನೊಂದೇ ಹೆಜ್ಜೆ' ಎಂದು ಮುಂದೆ ಹೋಗುವವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚೆಂಬುದು ದಡದಲ್ಲಿ ಅರ್ಧ ಗಂಟೆ ಕುಳಿತರೆ ತಿಳಿಯುತ್ತದೆ.

ಈ ಕುಳಿತು ನೋಡುವ ಕೆಲಸವೇ ದಡವನ್ನು ಆರಿಸುವ ವಿದ್ಯೆ. ಯಾವ ದಡಕ್ಕೆ ಹೋದರೂ ನೀರನ್ನು ಮುಟ್ಟುವ ಮೊದಲು ಹದಿನೈದು ನಿಮಿಷ ಅಲೆಗಳನ್ನು ನೋಡಬೇಕು. ಬಿಳಿನೊರೆ ಎಬ್ಬಿಸಿ ಅಲೆ ಒಡೆಯುವ ಕಡೆ ನೀರು ಕಡಿಮೆ ಆಳವಿರುತ್ತದೆ, ಅಡಿಯಲ್ಲಿ ಮರಳ ದಿಬ್ಬವಿರುತ್ತದೆ. ಹಾಗೆ ಬಂದು ದಡದಲ್ಲಿ ಗುಡ್ಡೆಯಾದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ದಿಬ್ಬದ ನಡುವೆ ಎಲ್ಲಾದರೂ ತಗ್ಗು ಸಿಕ್ಕಿದರೆ ಅದೇ ಓಣಿಯಿಂದ ರಭಸವಾಗಿ ಹರಿದುಹೋಗುತ್ತದೆ. ಇದೇ ಸೆಳೆತ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಡಿಮೆ, ನೀರಿನ ಬಣ್ಣ ತುಸು ಕಪ್ಪು. ಬೇರೆಲ್ಲ ಕಡೆ ಅಬ್ಬರವಿರುವಾಗ ಅದೊಂದು ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ. ತಿಳಿಯದ ತಂದೆ-ತಾಯಿ 'ಇಲ್ಲಿ ಅಲೆ ಇಲ್ಲ, ಇಲ್ಲೇ ಆಡು' ಎಂದು ಮಗುವನ್ನು ಬಿಡುವುದು ಸರಿಯಾಗಿ ಅಲ್ಲಿಗೇ!

ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದಕ್ಕೆದುರಾಗಿ ದಡದ ಕಡೆ ಈಜಲು ಹೋಗಿ ಸುಸ್ತಾಗುವುದರಿಂದಲೇ ಒಳ್ಳೆಯ ಈಜುಗಾರರೂ ಮುಳುಗುತ್ತಾರೆ. ಸಿಕ್ಕಿಕೊಂಡವರು ತೇಲುತ್ತ, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸಾಗಬೇಕು. ಓಣಿ ಬಹಳ ಅಗಲವಿರುವುದಿಲ್ಲ. ದಡದಲ್ಲಿದ್ದವರು ಹಾರಿಬಿಡಬಾರದು. ಒಬ್ಬನನ್ನು ಉಳಿಸಲು ಇಳಿದು ಇಬ್ಬರು ಮೂವರು ಹೋದ ಸುದ್ದಿಗಳನ್ನು ಕರಾವಳಿಯ ಪತ್ರಿಕೆಗಳ ಓದುಗರು ಬಲ್ಲರು. ಖಾಲಿ ಕ್ಯಾನು, ಹಗ್ಗ, ತೇಲುವಂಥದೇನಾದರೂ ಎಸೆಯಬೇಕು, ಜೀವರಕ್ಷಕರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಬೇಕು.

ಪಣಂಬೂರು ಬಿಟ್ಟು ಮುಂದೆ ಹೋದರೆ ಸುರತ್ಕಲ್. 1960ರಲ್ಲಿ ಕೆ.ಆರ್.ಇ.ಸಿ. ಎಂದು ಆರಂಭವಾಗಿ 2002ರಲ್ಲಿ ಎನ್.ಐ.ಟಿ.ಕೆ. ಆದ ಎಂಜಿನಿಯರಿಂಗ್ ಕಾಲೇಜಿನ ಪಕ್ಕದ್ದೇ ದಡ, ಹತ್ತಿರದಲ್ಲಿ ದೀಪಸ್ತಂಭ, ಬಂಡೆಯ ಮೇಲಿನ ಸದಾಶಿವ ದೇವಸ್ಥಾನ. ಸೂರ್ಯಾಸ್ತಕ್ಕೆ ಇದಕ್ಕಿಂತ ಚೆಂದದ ಜಾಗ ಹುಡುಕುವುದು ಕಷ್ಟ. ಬಂಡೆಯಿರುವ ಕಡೆ ಮಾತ್ರ ಎಚ್ಚರ ಬೇಕು. ಪಾಚಿಗಟ್ಟಿದ ಕಲ್ಲಿನ ಮೇಲೆ ಫೋಟೋಕ್ಕೆ ನಿಂತವರಿಗೆ ಬೆನ್ನ ಹಿಂದಿನ ಅಲೆ ಕಾಣುವುದಿಲ್ಲ.

ದಕ್ಷಿಣಕ್ಕೆ, ನೇತ್ರಾವತಿ ಸೇತುವೆ ದಾಟಿದರೆ ಸೋಮೇಶ್ವರ. ಸೋಮನಾಥ ದೇವಸ್ಥಾನ, ಅದರ ಬುಡದಲ್ಲಿ 'ರುದ್ರಪಾದೆ' ಎಂದು ಹೆಸರಾದ ಬಂಡೆಗಳು. ತುಳುವಿನಲ್ಲಿ ಪಾದೆ ಎಂದರೆ ಬಂಡೆ. 'ರುದ್ರ' ಸುಮ್ಮನೆ ಸೇರಿಕೊಂಡದ್ದಲ್ಲ ಎಂದು ಅಲೆಯ ಸದ್ದು ಕೇಳಿದರೆ ಅನಿಸುತ್ತದೆ. ಇಲ್ಲಿ ನೀರು ಥಟ್ಟನೆ ಆಳ. ದೇವರಿಗೆ ಕೈಮುಗಿದು, ಮೇಲಿನಿಂದ ಕಡಲನ್ನು ಕಣ್ತುಂಬ ನೋಡಿ ಬರಬೇಕಾದ ಸ್ಥಳ ಇದು, ಮೀಯುವ ಸ್ಥಳವಲ್ಲ. ಪಕ್ಕದ ಉಳ್ಳಾಲ, ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು, ವರ್ಷಗಳಿಂದ ಕಡಲ್ಕೊರೆತಕ್ಕೆ ತತ್ತರಿಸಿದೆ. ದಡ ಉಳಿಸಲು ಸುರಿದ ಬಂಡೆಗಲ್ಲುಗಳನ್ನು ಸಿವಿಲ್ ಎಂಜಿನಿಯರಿಂಗ್ ಓದುವವರು ನೋಡಲೇಬೇಕು. ಸ್ನಾನದ ಚಡ್ಡಿ ಮನೆಯಲ್ಲಿರಲಿ.

ಅಕ್ಟೋಬರ್ ಕಳೆದು ಕಡಲು ತಣ್ಣಗಾದ ಮೇಲೆ ವಿದ್ಯಾರ್ಥಿ ತಾನೇ ಆರಿಸಿಕೊಳ್ಳುವ ಕಾಲ ಬರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ನೀರು ವರ್ಷದಲ್ಲೇ ಸೌಮ್ಯ. ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಒಟ್ಟಾಗಿ ಕಡಲು ಸೇರುತ್ತವೆ. 2016ರಲ್ಲಿ ಅಖಿಲ ಭಾರತ ಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ದಡವದು. ಅಲೆಯ ಮೇಲೆ ಹಲಗೆ ಏರಿ ನಿಲ್ಲುವ ಆಟವನ್ನು ಕಲಿಸುವವರು ಮೂಲ್ಕಿಯಲ್ಲಿದ್ದಾರೆ. ಸ್ವಯಂಕಲಿಕೆಯ ವಿಷಯವಲ್ಲ ಅದು. ಅಳಿವೆಯ ಬಾಯಲ್ಲಿ ನದಿಯ ಹರಿವು ಮತ್ತು ಉಬ್ಬರ-ಇಳಿತಗಳು ಗುದ್ದಾಡುವುದರಿಂದ ಈಜಾಟ ಅಲ್ಲಿ ಸಲ್ಲದು. ಇನ್ನೂ ಉತ್ತರಕ್ಕೆ ಪಡುಬಿದ್ರಿಯ ಎಂಡ್ ಪಾಯಿಂಟ್ ದಡಕ್ಕೆ, ನೀರಿನ ಶುದ್ಧಿ, ಶೌಚಾಲಯ, ರಕ್ಷಣಾ ವ್ಯವಸ್ಥೆ ಇತ್ಯಾದಿಗಳನ್ನು ಅಳೆದು ಕೊಡುವ 'ಬ್ಲೂ ಫ್ಲ್ಯಾಗ್' ಮನ್ನಣೆ 2020ರಲ್ಲಿ ದೊರೆಯಿತು. ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಹೊರಟ ಭಾನುವಾರಕ್ಕೆ ಆ ದೂರ ಹೆಚ್ಚೇನಲ್ಲ.

ಬೇಸಿಗೆ ರಜೆಯಲ್ಲಿ ಬರುವವರಿಗೆ ಇನ್ನೊಂದು ಸಂಗತಿ ತಿಳಿದಿರಲಿ. ಏಪ್ರಿಲ್-ಮೇ ತಿಂಗಳಲ್ಲಿ ಆಕಾಶ ತಿಳಿಯಾಗಿ, ಗಾಳಿಯೂ ಇಲ್ಲದಿರುವಾಗ ಒಮ್ಮೊಮ್ಮೆ ಕಡಲು ಇದ್ದಕ್ಕಿದ್ದಂತೆ ಏರಿಬರುತ್ತದೆ. ಸಾವಿರಾರು ಕಿ.ಮೀ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉಬ್ಬಲೆಗಳು ದಿನಗಟ್ಟಲೆ ಪಯಣಿಸಿ ನಮ್ಮ ದಡ ತಲಪುತ್ತವೆ. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಈ ಹೆಸರನ್ನೇ ವಿಜ್ಞಾನಿಗಳೂ ಬಳಸುತ್ತಾರೆ. ಹೈದರಾಬಾದಿನ 'ಇನ್‌ಕಾಯ್ಸ್' ಸಂಸ್ಥೆ ಕರ್ನಾಟಕದ ಕರಾವಳಿಗೂ ಇದರ ಮುನ್ಸೂಚನೆ ನೀಡುತ್ತದೆ. ಹೊರಡುವ ಮುನ್ನ ಅದನ್ನು ನೋಡಿಕೊಳ್ಳುವುದು ಬಸ್ಸಿನ ವೇಳೆ ನೋಡಿಕೊಂಡಷ್ಟೇ ಸುಲಭ.

ಕೊನೆಗೆ ತಣ್ಣೀರುಬಾವಿ. ಒಂದೇ ಸಂಜೆ ಇರುವವರಿಗೂ, ನಾಲ್ಕು ವರ್ಷ ಇರುವವರಿಗೂ ಒಗ್ಗುವ ದಡ. ಮೊದಲು ನಗರದೊಳಗಿನ ಸುಲ್ತಾನ್ ಬತ್ತೇರಿಗೆ ಹೋಗಬೇಕು. ಗುರುಪುರ ನದಿಯೊಳಕ್ಕೆ ಶತ್ರುಗಳ ಹಡಗು ನುಗ್ಗದಂತೆ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು ಅದು. ಹೊರಗಿನಿಂದ ಸಣ್ಣ ಕೋಟೆಯಂತಿದೆ, ತೋಪು ಇಡಲು ಗೋಡೆಯಲ್ಲಿ ಕಿಂಡಿಗಳಿವೆ. ಮೆಟ್ಟಿಲು ಹತ್ತಿ ನಿಂತರೆ ನದಿ, ಅದರಾಚೆ ತೆಂಗಿನ ಸಾಲು, ಅದರಾಚೆ ಕಡಲು ಇರುವ ಸುಳಿವು. ಕೆಳಗಿನ ಕಡವಿನಿಂದ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ. ಅಲ್ಲಿಂದ ನಡೆದು ಹೋಗುತ್ತಿದ್ದಂತೆ ನದಿಯ ಮೌನ ಹಿಂದುಳಿದು ಕಡಲಿನ ಮೊರೆತ ಎದುರಾಗುತ್ತದೆ. ನದಿಗೂ ಕಡಲಿಗೂ ನಡುವಿನ ಈ ಮರಳ ಪಟ್ಟಿಯಲ್ಲಿ ಗಾಳಿ ಮರಗಳ ನೆರಳು, ಟ್ರೀ ಪಾರ್ಕ್, ಕೂರಲು ಧಾರಾಳ ಜಾಗ. ಪಣಂಬೂರಿನ ಗದ್ದಲವಿಲ್ಲ, ತೀರಾ ನಿರ್ಜನವೂ ಅಲ್ಲ. ಇಲ್ಲೂ ಜನರಿರುವ ಕಡೆ, ಜೀವರಕ್ಷಕರ ಕಣ್ಣಳತೆಯಲ್ಲಿ, ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ ಆಡಿದರೆ ಸಾಕು.

ಡಿಸೆಂಬರ್ ಮೊದಲಲ್ಲಿ ಸೂರ್ಯ 6 ಗಂಟೆಯ ಸುಮಾರಿಗೇ ಮುಳುಗುತ್ತಾನೆ, ಜೂನ್ ಕೊನೆಯಲ್ಲಿ 7ರ ಹೊತ್ತಿಗೆ. ಮುಳುಗಿದ ಅರ್ಧ ಗಂಟೆಯಲ್ಲಿ ಕತ್ತಲು. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹೋಗುವಾಗಲೇ ದೋಣಿಯವರಲ್ಲಿ ಕೇಳಿಟ್ಟುಕೊಳ್ಳಬೇಕು. ತಪ್ಪಿದರೆ ಕೂಳೂರು ಸುತ್ತಿಕೊಂಡು ರಿಕ್ಷಾದಲ್ಲಿ ಬರಬೇಕಾಗುತ್ತದೆ, ಅಷ್ಟರಲ್ಲಿ ಹಾಸ್ಟೆಲಿನ ಗೇಟೂ ಮುಚ್ಚಿರುತ್ತದೆ.