ಕೂಗುವ ಮೊದಲು ಒಮ್ಮೆ ಲೈನ್ ನೋಡು

ಪ್ರೀತಿಯ ಪಲ್ಲವಿ,

ನೀನು ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್ ಆದೆ ಅಂತ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ದಿಂಬಿನ ಕವರಿಗೆ ಎರಡು ಹೊಲಿಗೆ ಹಾಕು ಅಂದರೆ ಹಿತ್ತಿಲಿಗೆ ಓಡುತ್ತಿದ್ದವಳು ಈಗ ಗಂಟೆಗಂಟೆಗೂ ಶರ್ಟಿನ ಲೆಕ್ಕ ಕೊಡುತ್ತೀಯ! ಆದರೆ ಫೋನಿನಲ್ಲಿ ನಿನ್ನ ಗಂಟಲು ಒಡೆದಿತ್ತು ಕಣೇ. "ಕೂಗದಿದ್ದರೆ ಟಾರ್ಗೆಟ್ ಆಗಲ್ಲ ಅಕ್ಕ" ಅಂದೆಯಲ್ಲ, ಆ ಮಾತು ಮನಸ್ಸಿನಲ್ಲೇ ಕೂತಿದೆ.

ನಿನ್ನ ಲೈನನ್ನೇ ನೋಡು: ಕಾಲರ್ ಕೂರಿಸುವವಳ ಮುಂದೆ ಬಂಡಲ್ ರಾಶಿ ಬಿದ್ದಿರುತ್ತದೆ, ಅವಳ ನಂತರದವಳು ಪೀಸಿಲ್ಲದೆ ಸುಮ್ಮನೆ ಕೂತಿರುತ್ತಾಳೆ. ಬೈಗುಳ ಬೀಳುವುದು ಸುಮ್ಮನೆ ಕೂತವಳಿಗೆ. ಅವಳೇನು ಮಾಡಿಯಾಳು ಹೇಳು? ಲೈನಿನಲ್ಲಿ ಎಲ್ಲಕ್ಕಿಂತ ನಿಧಾನವಾಗುವ ಕೆಲಸ ಯಾವುದೋ, ಶರ್ಟು ಹೊರಬರುವುದು ಅದರ ವೇಗದಲ್ಲೇ. ಅಲ್ಲಿಗೆ ಇನ್ನೊಂದು ಮೆಷಿನ್ ಕೇಳು, ಇಲ್ಲವೇ ಕೆಲಸ ಹಂಚು. ಸೂಜಿ ಮುರಿದರೆ ಚೂರೆಲ್ಲ ಹುಡುಕಿ ಒಪ್ಪಿಸಿ ಹೊಸದು ತರಬೇಕಲ್ಲ, ಆ ಹೊತ್ತನ್ನೂ ಬರೆದಿಡು.

ಇದು ಬರೀ ನನ್ನ ಮಾತಲ್ಲ. ಮುಂಬೈ ಸುತ್ತಿನ ನೇಯ್ಗೆ ಮಿಲ್ಲುಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿಸಿದ್ದು ನೀನೂ ಮಾಡಬಹುದಾದಂಥದ್ದೇ: ಮೆಷಿನ್ ಕೆಡುವ ಮೊದಲೇ ನೋಡಿಕೊಳ್ಳುವುದು, ಯಾಕೆ ನಿಂತಿತು ಎಂದು ಬರೆದಿಡುವುದು, ನೂಲಿನ ದಾಸ್ತಾನನ್ನು ಕೈಗೆ ಸಿಗುವಂತೆ ಜೋಡಿಸುವುದು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಏರಿತು.

ನನಗೆ ಅದಕ್ಕಿಂತ ಹತ್ತಿರದ್ದು ನಿಮ್ಮ ಬೆಂಗಳೂರಿನದು. ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕರೆಂಟು ಉಳಿಸಲೆಂದು ಹಳೆಯ ಟ್ಯೂಬುಗಳನ್ನು ತೆಗೆದು ಎಲ್‌ಇಡಿ ಹಾಕಿದರು. ಅಚ್ಯುತ ಅಧ್ವರ್ಯು ಎಂಬ ಸಂಶೋಧಕರು ಮತ್ತು ಜೊತೆಗಾರರು ಲೆಕ್ಕ ನೋಡಿದಾಗ, ಸೆಕೆಯ ದಿನಗಳಲ್ಲಿ ಕೆಲಸ ಕುಸಿಯುತ್ತಿದ್ದುದು ಬಹಳ ಮಟ್ಟಿಗೆ ತಗ್ಗಿತ್ತು. ಎಲ್‌ಇಡಿ ಅಷ್ಟು ಕಾಯುವುದಿಲ್ಲ, ಅಷ್ಟೇ. ಹೊಲಿಯುವವರ ತಲೆಯ ಹತ್ತಿರವೇ ಉರಿಯುವ ದೀಪ ಒಂದಿಷ್ಟು ತಣ್ಣಗಾದದ್ದಕ್ಕೆ ಇಷ್ಟು ವ್ಯತ್ಯಾಸ! ಮಾರ್ಚ್, ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ನಿನ್ನ ಲೈನ್ ನಿಧಾನವಾದರೆ ಮೊದಲು ಫ್ಯಾನ್ ನೋಡು, ಕಿಟಕಿ ನೋಡು.

ಇನ್ನೊಂದು ಮಾತು, ಹೇಳಲು ಸಂಕಟವಾಗುತ್ತದೆ. ಟಾಯ್ಲೆಟ್‌ಗೆ ಎದ್ದು ಹೋದರೆ ಬೈಸಿಕೊಳ್ಳಬೇಕಾಗುತ್ತದೆಂದು ಎಷ್ಟೋ ಹೆಂಗಸರು ದಿನವೆಲ್ಲ ನೀರೇ ಕುಡಿಯುವುದಿಲ್ಲವಂತೆ. ಒಣಗಿದ ಬಾಯಿ, ಸಿಡಿಯುವ ತಲೆ ಇಟ್ಟುಕೊಂಡು ಹೊಲಿಗೆ ನೇರ ಬಂದೀತೇ? ಆಲ್ಟರ್‌ಗೆ ಅಂತ, ತಿದ್ದಿ ಹೊಲಿಯಲು ವಾಪಸು ಬಂದ ಪೀಸುಗಳಲ್ಲಿ ಅದರ ಪಾಲೂ ಇರುತ್ತದೆ. ನಿನ್ನ ಲೈನಿನಲ್ಲಿ ಹಾಗಾಗಲು ಬಿಡಬೇಡ ಕಂದಾ. ನಿನ್ನ ಮೇಲೂ ಮೇಲಿನವರ ಒತ್ತಡವಿದೆ, ಬಲ್ಲೆ. ಅದಕ್ಕೇ ಎಲ್ಲ ಬರೆದಿಡು ಅನ್ನುತ್ತಿರುವುದು. ಯಾವ ಮೆಷಿನ್ ಎಷ್ಟು ಹೊತ್ತು ನಿಂತಿತ್ತು ಎಂದು ಚೀಟಿ ತೋರಿಸಿ ಮಾತಾಡಿದರೆ ಮ್ಯಾನೇಜರ್ ಕೂಡ ಕೇಳಲೇಬೇಕಾಗುತ್ತದೆ.

ಅತ್ತೆಯ ಮಂಡಿನೋವು ಈಗ ಕಡಿಮೆ. ನಿನಗೆ ಮಾವಿನಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾರೆ, ಭಾನುವಾರ ಬಂದು ಒಯ್ಯಿ. ಆ ಕಾಲರ್ ಹುಡುಗಿಯ ವಿಷಯ ಏನಾಯಿತು ಅಂತ ಆಗ ಪೂರ್ತಿ ಹೇಳಬೇಕು.

ನಿನ್ನ,
ಅಕ್ಕ