ಎಷ್ಟಿದ್ದರೆ ಸಾಕು?

ಕನ್ನಡ ಬಲ್ಲವರು ಇಂಗ್ಲಿಷ್ ಕಲಿಯಲು ಹೊರಟಾಗ ಅವರನ್ನು ಕಾಡುವುವು ಉದ್ದುದ್ದದ ಕಠಿಣ ಪದಗಳಲ್ಲ. ಎರಡು ಮೂರು ಅಕ್ಷರಗಳ ಪುಟ್ಟ ಪದಗಳು. ‘ಟೂ’ ಎಂಬುದು ಅಂಥದೊಂದು. ‘ವೆರಿ’ ಎಂದರೂ ಬಹಳ, ‘ಟೂ’ ಎಂದರೂ ಬಹಳ ಎಂದು ತಿಳಿದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅತಿಥಿಯು ಪಾಯಸವನ್ನು ಸವಿದು ‘ಟೂ ಸ್ವೀಟ್’ ಎಂದು ತಲೆದೂಗುತ್ತಾನೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವನು ಆ ಮಾತನ್ನು ಕೇಳಿದರೆ, ‘ಪಾಪ, ಸಕ್ಕರೆ ಹೆಚ್ಚಾಗಿ ಬಾಯಿಗಿಡಲಾಗಲಿಲ್ಲವೇನೋ!’ ಎಂದುಕೊಂಡಾನು.

‘ವೆರಿ’ ಬರಿದೆ ಅಳೆಯುತ್ತದೆ. ‘ಟೂ’ ಅಳೆದು ಅಲ್ಲಗಳೆಯುತ್ತದೆ. ಕಾಫಿ ‘ವೆರಿ ಹಾಟ್’ ಆಗಿದ್ದರೆ ಊದಿಕೊಂಡು ಕುಡಿಯಬಹುದು. ಅದೇ ‘ಟೂ ಹಾಟ್ ಟು ಡ್ರಿಂಕ್’ ಆಗಿದ್ದರೆ ಲೋಟವನ್ನು ಕೆಳಗಿಡುವುದೇ ಸರಿ. ಆ ವಾಕ್ಯದಲ್ಲಿ ‘ನಾಟ್’ ಎಂಬುದು ಎಲ್ಲಿಯೂ ಇಲ್ಲ. ಆದರೂ ಕುಡಿಯಲಾಗದೆಂಬ ನಿಷೇಧವು ‘ಟೂ’ವಿನ ಹೊಟ್ಟೆಯಲ್ಲಿಯೇ ಅಡಗಿದೆ. ಇದರ ಎದುರಾಳಿ ‘ಎನಫ್’: ಉದ್ದೇಶಕ್ಕೆ ತಕ್ಕಷ್ಟು ಉಂಟೆಂದು ಸಾರುವ ಪದ. ಗುಣವಾಚಕದ ಹಿಂದೆ ನಡೆದು ‘ಬಿಗ್ ಎನಫ್’ ಎನಿಸಿಕೊಳ್ಳುತ್ತದೆ. ನಾಮಪದ ಬಂದರೆ ಮುಂದೆ ಹಾರಿ ‘ಎನಫ್ ರೈಸ್’ ಎನಿಸಿಕೊಳ್ಳುತ್ತದೆ.

ಕನ್ನಡದ ಜಾಡು ಬೇರೆ. ‘ಕುಡಿಯಲಾಗದಷ್ಟು ಬಿಸಿ’, ‘ಕುಡಿಯುವಷ್ಟು ಬಿಸಿ’. ಅತಿಗೂ ಮಿತಿಗೂ ನಾವು ಹಿಡಿಯುವ ಪಾತ್ರೆ ಒಂದೇ; ಅದು ‘ಅಷ್ಟು’. ಒಳಗೆ ‘ಆಗದ’ ಎಂಬ ನಿಷೇಧ ಸೇರಿದರೆ ಅತಿ, ಸೇರದಿದ್ದರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದ ಹಿರಿಯರು ಈ ವ್ಯಾಕರಣವನ್ನೇ ಬಾಳಿನ ಸೂತ್ರವಾಗಿಸಿದರು. ಯಾವ ಕೆಲಸಕ್ಕೆ ಹೆಚ್ಚು, ಯಾವ ಕೆಲಸಕ್ಕೆ ಸಾಕು ಎಂಬುದನ್ನು ನಮ್ಮ ನುಡಿ ಮೊದಲೇ ಕೇಳಿಬಿಡುತ್ತದೆ. ಬಿಸಿಯ ಮಾತು ಆಮೇಲೆ.

ಪುಸ್ತಕವಿಲ್ಲದೆಯೇ ಈ ಲೆಕ್ಕವನ್ನು ವರ್ಷವರ್ಷವೂ ನಡೆಸುವವರೆಂದರೆ ಮಲೆನಾಡಿನ ಅಡಿಕೆ ಬೆಳೆಗಾರರು. ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನ ಕಡೆ ಮಳೆ ಇಲ್ಲದಿದ್ದರೆ ತೋಟವಿಲ್ಲ. ಮಳೆ ಅತಿಯಾದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಗಾದರೆ ತಾಮ್ರ ಹೆಚ್ಚು, ಸುಣ್ಣ ಸಾಲದು ಎಂದರ್ಥ. ಹಾಗೆಯೇ ಸಿಂಪಡಿಸಿದರೆ ಗಿಡವೇ ಸುಡುತ್ತದೆ. ಸುಣ್ಣದ ತಿಳಿಯನ್ನು ಇನ್ನಷ್ಟು ಬೆರೆಸಬೇಕು. ಒಂದರ ಅತಿಯೆಂದರೆ ಇನ್ನೊಂದರ ಕೊರತೆಯೇ ಎಂಬುದನ್ನು ಆ ಕತ್ತಿ ಕಣ್ಣಿಗೆ ಕಾಣುವಂತೆ ಹೇಳುತ್ತದೆ.

ಆ ಊರಿನ ಒಂದು ಮನೆಯಲ್ಲಿ ಎರಡು ಎಕರೆ ತೋಟದ ಪಾಲಿನ ಮಾತು ಎದ್ದಿತ್ತು. ಬೆಂಗಳೂರಿನಲ್ಲಿ ನೆಲೆಸಿದ ಕಿರಿಯ ಮಗನಿಗೆ ಮನೆ ಕೊಳ್ಳಲು ಹಣ ಬೇಕು. ತನ್ನ ಪಾಲನ್ನು ಮಾರುವ ಇಚ್ಛೆ. ಹಿರಿಯವನು ಊರಿನಲ್ಲಿಯೇ ಉಳಿದು ತೋಟ ನೋಡಿಕೊಂಡವನು. ‘ಇಷ್ಟು ಚಿಕ್ಕ ತೋಟವನ್ನು ಹೇಗೆ ಹರಿಯುವುದು?’ ಎಂದು ಅವನ ಅಳಲು. ಇಬ್ಬರಲ್ಲಿ ಮಾತು ನಿಂತು ತಿಂಗಳಾಗಿತ್ತು. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹಿರಿಯವನ ಮಗಳು ಶಾಲೆಯ ಅಭ್ಯಾಸಕ್ಕಾಗಿ ‘ದಿ ಗಾರ್ಡನ್ ಈಸ್ ವೆರಿ ಸ್ಮಾಲ್ ಟು ಡಿವೈಡ್’ ಎಂದು ಬರೆದಳು. ಮೇಷ್ಟ್ರು ‘ವೆರಿ’ಯನ್ನು ಹೊಡೆದು ‘ಟೂ’ ಎಂದು ತಿದ್ದಿದರು.

‘ಏನು ತಿದ್ದಿದರು, ಪುಟ್ಟೀ?’ ಜಗಲಿಯಲ್ಲಿ ಕುಳಿತಿದ್ದ ಅಜ್ಜ ಕೇಳಿದರು.

‘ಈಗ ಪಾಲು ಮಾಡಲಾಗದಷ್ಟು ಚಿಕ್ಕದು ಅಂತ ಅರ್ಥ ಆಯ್ತು, ಅಜ್ಜಯ್ಯ.’

‘ಹಾಗಾದರೆ ಮೇಷ್ಟ್ರು ನಿನ್ನ ಚಿಕ್ಕಪ್ಪನನ್ನೂ ಒಂದು ಮಾತು ಕೇಳಬೇಕಿತ್ತು,’ ಎಂದು ಮುದುಕರು ನಕ್ಕರು.

ಹುಡುಗಿ ಮುಂದಿನ ವಾಕ್ಯಕ್ಕೆ ಕೈಹಾಕಿದಳು: ‘ದಿ ಗಾರ್ಡನ್ ಈಸ್ ಬಿಗ್ ಎನಫ್ ಟು...’ ಅಲ್ಲಿಗೆ ಲೇಖನಿ ನಿಂತಿತು. ‘ಯಾವುದಕ್ಕೆ ಸಾಕು ಅಂತ ಬರೀಲಿ, ಅಜ್ಜಯ್ಯ?’

ಈ ಸಲ ಮುದುಕರು ನಗಲಿಲ್ಲ. ಒಂದು ಸಂಸಾರದ ಊಟಕ್ಕೆ ಸಾಕು. ನಗರದಲ್ಲಿ ಮನೆ ಕೊಳ್ಳಲು ಸಾಲದು. ಹರಿದರೆ ಇಬ್ಬರಿಗೂ ಸಾಲದು. ಹಿರಿಯವನ ಮಾತೂ ನಿಜ, ಕಿರಿಯವನ ಮಾತೂ ನಿಜ; ಇಬ್ಬರೂ ತಂತಮ್ಮ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಅಂದು ರಾತ್ರಿ ಅವರೇ ಕಿರಿಯ ಮಗನಿಗೆ ಫೋನು ಮಾಡಿಸಿದರು. ಪಾಲೇಕೆ ಎಂದು ಕೇಳಲಿಲ್ಲ. ‘ಎಷ್ಟಿದ್ದರೆ ನಿನಗೆ ಸಾಕು, ಮಗಾ?’ ಎಂದಷ್ಟೇ ಕೇಳಿದರು. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಮೊದಲ ಬಾರಿಗೆ ಒಂದು ಮೊತ್ತ ಹೊರಬಿತ್ತು. ಅದು ಅರ್ಧ ತೋಟದ ಬೆಲೆಗಿಂತ ಬಹಳ ಕಡಿಮೆಯದು. ಎರಡು ಮೂರು ಫಸಲಿನಲ್ಲಿ ಅಣ್ಣನು ಕೂಡಿಸಿ ಕೊಡಬಹುದಾದಷ್ಟು. ಹಿರಿಯವನು ಒಪ್ಪಿದನು. ಮನಸ್ತಾಪವೆಲ್ಲ ಆ ರಾತ್ರಿಯೇ ಕರಗಿತೆಂದಲ್ಲ. ಆದರೆ ಮುಂದಿನ ಹಬ್ಬಕ್ಕೆ ಕಿರಿಯವನು ಸಂಸಾರಸಮೇತನಾಗಿ ಊರಿಗೆ ಬಂದನು.

ಸಂಸಾರಗಳಲ್ಲಿ ನಿತ್ಯ ಕೇಳಿಬರುವ ‘ಹೆಚ್ಚಾಯಿತು’, ‘ಸಾಲದು’ ಎಂಬ ದೂರುಗಳಲ್ಲಿ ‘ಯಾವುದಕ್ಕೆ?’ ಎಂಬ ಭಾಗ ಬಿಟ್ಟುಹೋಗಿರುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಬಿಟ್ಟರೂ ವಾಕ್ಯ ನಿಂತೀತು. ಮನೆಯಲ್ಲಿ ಅದನ್ನು ಯಾರಾದರೊಬ್ಬರು ಕೇಳಿ ಪೂರ್ಣಗೊಳಿಸಬೇಕು.