ನೆರಳು ಕಲಿಸಿದ ಪಾಠ

ಕೈಕೆಲಸವೆಂದರೆ ಓದಿನಲ್ಲಿ ಹಿಂದುಳಿದವರಿಗೆ ಮೀಸಲಾದುದೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಪುಸ್ತಕ ಹಿಡಿದವನು ಜಾಣ, ಮಣ್ಣು ಮುಟ್ಟಿದವನು ದಡ್ಡ ಎಂದು ನಾವು ಸುಲಭವಾಗಿ ವಿಂಗಡಿಸಿಬಿಡುತ್ತೇವೆ. ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಯನ್ನು ತಿದ್ದಿದುದು ಯಾವ ಗ್ರಂಥವೂ ಅಲ್ಲ. ಎರಡು ಮೊಳದ ಒಂದು ಕಬ್ಬಿಣದ ಸರಳು ಮತ್ತು ಅದರ ನೆರಳು.

1985ರ ಜೂನ್ ತಿಂಗಳಲ್ಲಿ, ಕನ್ನಡ ಎಂ.ಎ. ಮುಗಿಸಿದ ಹೊಸತರಲ್ಲಿ, ಕೋಲಾರದ ಸಮೀಪದ ಒಂದು ಪುಟ್ಟ ಶಾಲೆಗೆ ಉಪಾಧ್ಯಾಯನಾಗಿ ಸೇರಿದೆ. ಕೆಲವರು ಶಿಕ್ಷಣಪ್ರೇಮಿಗಳು ಸ್ವತಂತ್ರವಾಗಿ ನಡೆಸುತ್ತಿದ್ದ ಶಾಲೆ ಅದು. ಅಲ್ಲಿ ಪ್ರತಿದಿನ ಒಂದು ಹೊತ್ತು ಕೈಕೆಲಸಕ್ಕೆ ಮೀಸಲು. ಮಕ್ಕಳು ಬಾವಿಯ ಆಳ ಅಳೆಯುತ್ತಿದ್ದರು, ತಕ್ಕಡಿ ಮಾಡುತ್ತಿದ್ದರು, ಊರಿನ ನಕ್ಷೆ ಬರೆಯುತ್ತಿದ್ದರು. ಅದೆಲ್ಲವೂ ನನಗೆ ಕಾಲಹರಣವೆಂದೇ ತೋರುತ್ತಿತ್ತು.

ನಿಜಕ್ಕೂ ಆ ಬಗೆಯ ಶಾಲೆಗಳಿಗೆ ದೊಡ್ಡ ಪರಂಪರೆಯೇ ಇದೆ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ನೆರಳಿನಲ್ಲಿ ಶಾಲೆ ತೆರೆದರು. ಗಿಜುಭಾಯಿ ಬಧೇಕಾ ಅವರು ವಕೀಲಿ ವೃತ್ತಿಯನ್ನು ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಕಟ್ಟಿದರು. ಕೈಕಸುಬಿನ ಮೂಲಕವೇ ಶಿಕ್ಷಣವೆಂಬ ವಿಚಾರವನ್ನು ಗಾಂಧೀಜಿ 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ದೇಶದ ಮುಂದಿಟ್ಟರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯನ್ನು ಕುರಿತು ಪ್ರಯೋಗ ನಡೆಸಿದರು. ಕೋಲಾರ ಜಿಲ್ಲೆಯಲ್ಲಿಯೇ, ರಾಯಲ್ಪಾಡಿನ ಬಳಿ, ಇಂಗ್ಲೆಂಡಿನಿಂದ ಬಂದ ಡೇವಿಡ್ ಹಾರ್ಸ್‌ಬರೋ ಅವರು 1972ರಲ್ಲಿ ನೀಲ್‌ಬಾಗ್ ಶಾಲೆಯನ್ನು ಆರಂಭಿಸಿ, ಹಳ್ಳಿಯ ಮಕ್ಕಳಿಗೆ ಓದುಬರಹದೊಂದಿಗೆ ಮರಗೆಲಸ, ಕುಂಬಾರಿಕೆಗಳನ್ನೂ ಕಲಿಸಿದರು. ಇವೆಲ್ಲವನ್ನೂ ನಾನು ಓದಿ ಬಲ್ಲವನಾಗಿದ್ದೆ. ಆದರೆ ಓದಿ ಬಲ್ಲುದೇ ಬೇರೆ, ಮಾಡಿ ಬಲ್ಲುದೇ ಬೇರೆ!

ಆ ವರ್ಷ ದಸರಾ ರಜೆಯ ಅನಂತರ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, “ಎಂಟನೆಯ ತರಗತಿಯವರು ಶಂಕು ನೆಟ್ಟು ನಡುಹಗಲನ್ನು ಗುರುತಿಸಲಿ. ನೀವು ಜೊತೆಗಿರಿ. ಶಂಕು ಎಂಬ ಪದವಾದರೂ ನಿಮಗೆ ಗೊತ್ತಿದೆಯಲ್ಲ!” ಎಂದು ನಕ್ಕರು. ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡೆ.

ಮಕ್ಕಳು ಅಂಗಳದಲ್ಲಿ ಒಂದು ಗಾರೆಯ ಕಟ್ಟೆ ಕಟ್ಟಿದರು. ನೀರು ಸುರಿದು ಅದರ ಮಟ್ಟವನ್ನು ಪರೀಕ್ಷಿಸಿದರು. ನಡುವೆ ಸರಳನ್ನು ನೆಟ್ಟು, ಅದರ ಬುಡವನ್ನೇ ಕೇಂದ್ರವಾಗಿಟ್ಟುಕೊಂಡು ಹಗ್ಗದಿಂದ ಒಂದು ವೃತ್ತ ಎಳೆದರು. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಹೊಕ್ಕ ಜಾಗಕ್ಕೆ ಒಂದು ಗುರುತು. ಮಧ್ಯಾಹ್ನ ಕಳೆದ ಮೇಲೆ ಅದು ವೃತ್ತವನ್ನು ಮುಟ್ಟಿ ಹೊರಬಿದ್ದ ಜಾಗಕ್ಕೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ. ಅದಕ್ಕೆ ಲಂಬವಾಗಿ ಸರಳಿನ ಬುಡದಿಂದ ಎಳೆದರೆ ಉತ್ತರ ದಿಕ್ಕಿನ ರೇಖೆ. ಶುಲ್ಬಸೂತ್ರಗಳ ಕಾಲದಿಂದ ನಮ್ಮ ಹಿರಿಯರು ಬಲ್ಲ ವಿಧಾನವಿದು. ನೆರಳು ಆ ಉತ್ತರ ರೇಖೆಯ ಮೇಲೆ ಸರಿಯಾಗಿ ಬಿದ್ದ ಕ್ಷಣವೇ ನಡುಹಗಲು.

ಆ ಹೊತ್ತನ್ನು ಬರೆದಿಡುವ ಕೆಲಸವನ್ನು ಗಾರೆ ಕೆಲಸದವರೊಬ್ಬರ ಮಗ ವಹಿಸಿಕೊಂಡ. ಅವನು ನನ್ನ ತರಗತಿಯಲ್ಲಿ ಎರಡು ಸಾಲನ್ನೂ ತಪ್ಪಿಲ್ಲದೆ ಬರೆಯಲಾರದ ಹುಡುಗ. ‘ನೆರಳು’ ಎಂಬುದನ್ನು ‘ನೆರಲು’ ಎಂದೇ ಬರೆಯುತ್ತಿದ್ದ. ಆದರೆ ತಂದೆಯ ತೂಗುಗುಂಡನ್ನು ತಂದು ಸರಳು ನೆಟ್ಟಗಿದೆಯೇ ಎಂದು ದಿನವೂ ನೋಡುತ್ತಿದ್ದ. ಬೆಳಗಿನ ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಶಾಲೆಯ ಗಡಿಯಾರವನ್ನು ಸರಿಪಡಿಸುತ್ತಿದ್ದ.

ಫೆಬ್ರವರಿಯ ಎರಡನೆಯ ವಾರದಲ್ಲಿ ಅವನ ಪುಸ್ತಕವನ್ನು ತರಿಸಿ ನೋಡಿದೆ. ನವೆಂಬರಿನ ಮೊದಲ ವಾರ, 12 ಗಂಟೆ 2 ನಿಮಿಷ. ಡಿಸೆಂಬರಿನ ನಡುವೆ, 12 ಗಂಟೆ 13 ನಿಮಿಷ. ಜನವರಿಯ ನಡುವೆ, 12 ಗಂಟೆ 27 ನಿಮಿಷ. ಈಗ 12 ಗಂಟೆ 32 ನಿಮಿಷ! ನನಗೆ ಸಿಟ್ಟು ಬಂತು. “ನಡುಹಗಲೆಂದರೆ ಹನ್ನೆರಡು ಗಂಟೆ. ಅದು ದಿನಕ್ಕೊಂದು ಹೊತ್ತಿಗೆ ಬರುತ್ತದೆಯೇ? ಸರಳನ್ನು ಅಲುಗಿಸಿದ್ದೀಯೆ” ಎಂದು ತರಗತಿಯ ಮುಂದೆ ಗದರಿಸಿ, ಕೆಂಪು ಶಾಯಿಯಲ್ಲಿ ಪುಟಗಳ ಮೇಲೆ ಅಡ್ಡಗೆರೆ ಎಳೆದೆ. ‘ನೆರಲು’ ಎಂದಿದ್ದಲ್ಲೆಲ್ಲ ಸುತ್ತುಗೆರೆಯನ್ನೂ ಹಾಕಿದೆ.

ಹುಡುಗ ಎದುರಾಡಲಿಲ್ಲ. “ಸರಳು ಅಲುಗಿಲ್ಲ, ಮೇಷ್ಟ್ರೇ. ಗುಂಡು ಬಿಟ್ಟು ನೋಡಿದ್ದೀನಿ” ಎಂದಷ್ಟೇ ಹೇಳಿ ಕುಳಿತುಕೊಂಡ.

ಆ ಮಾತು ಇಡೀ ದಿನ ನನ್ನನ್ನು ಕಾಡಿತು. ಸಂಜೆ ಪುಸ್ತಕವನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟೆ. ಅವರು ಬಹಳ ಹೊತ್ತು ಪುಟ ತಿರುವಿ, “ಇದರಲ್ಲಿ ತಪ್ಪಿರುವುದು ಕೆಂಪು ಗೆರೆಯೊಂದೇ” ಎಂದರು. ಅನಂತರ ವಿವರಿಸಿದರು. ನಮ್ಮ ಗಡಿಯಾರಗಳು ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ. ಕೋಲಾರ ಇರುವುದು ಸುಮಾರು 78 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ, ನಮ್ಮ ನಡುಹಗಲು ಸರಾಸರಿ 18 ನಿಮಿಷ ತಡವಾಗಿಯೇ ಬರಬೇಕು. ಅದಲ್ಲದೆ ಭೂಮಿ ಸೂರ್ಯನನ್ನು ಸುತ್ತುವ ಹಾದಿ ಪೂರ್ಣ ವೃತ್ತವಲ್ಲ. ಭೂಮಿಯ ಅಕ್ಷವೂ 23½ ಡಿಗ್ರಿ ವಾಲಿದೆ. ಈ ಎರಡು ಕಾರಣಗಳಿಂದ ಸೂರ್ಯನ ಹೊತ್ತು ನವೆಂಬರಿನ ಮೊದಲಲ್ಲಿ ಸುಮಾರು 16 ನಿಮಿಷ ಮುಂದಿದ್ದರೆ, ಫೆಬ್ರವರಿಯ ನಡುವೆ ಸುಮಾರು 14 ನಿಮಿಷ ಹಿಂದೆ ಬೀಳುತ್ತದೆ. ಆ ಹುಡುಗನ ಅಂಕಿಗಳು ಇದಕ್ಕೆ ಸರಿಯಾಗಿ ಹೊಂದಿಕೊಂಡಿದ್ದುವು. ಹದಿಮೂರು ವರ್ಷದ ಬಾಲಕನೊಬ್ಬ ಕಬ್ಬಿಣದ ಸರಳೊಂದರಿಂದ ಭೂಮಿಯ ನಡೆಯನ್ನು ಅಳೆದಿದ್ದ. ಅದರ ಮೇಲೆ ನಾನು ಅಡ್ಡಗೆರೆ ಎಳೆದಿದ್ದೆ!

ಮರುದಿನ ಅದೇ ತರಗತಿಯ ಮುಂದೆ ನಿಂತು, “ನಿನ್ನ ಲೆಕ್ಕ ಸರಿ, ತಪ್ಪು ನನ್ನದು” ಎಂದು ಹೇಳಿದೆ. ಹಾಗೆ ಹೇಳುವುದು ಸುಲಭವಾಗಿರಲಿಲ್ಲ. ಹೊಸ ಪುಸ್ತಕ ಕೊಡಿಸುತ್ತೇನೆಂದರೂ ಅವನು ಒಪ್ಪಲಿಲ್ಲ. “ಬೇಡ ಮೇಷ್ಟ್ರೇ, ಇನ್ನೂ ಹಾಳೆಗಳಿವೆ” ಎಂದ.

ಪುಸ್ತಕ ಕೊಡುವ ಜ್ಞಾನ ಕಡಿಮೆಯದೆಂದು ನಾನು ಹೇಳಲಾರೆ. ಆ ಅಂಕಿಗಳ ಅರ್ಥ ತಿಳಿಯಲು ಕೊನೆಗೆ ಪುಸ್ತಕದ ವಿದ್ಯೆಯೇ ಬೇಕಾಯಿತು. ಆದರೆ ಪುಸ್ತಕವನ್ನು ಮಾತ್ರ ನಂಬಿದ ನಾನು ಕಣ್ಣೆದುರಿನ ಸತ್ಯವನ್ನು ಸುಳ್ಳೆಂದೆ. ಕೈಯಿಂದ ಮಾಡಿ ನೋಡಿದ ಹುಡುಗ ಗುರುವಿನ ಗದರಿಕೆಗೂ ಅಲುಗಲಿಲ್ಲ. ಮಾಡಿ ಕಲಿತವನಿಗೆ ಸತ್ಯದ ಪರವಾಗಿ ನಿಲ್ಲುವ ಧೈರ್ಯವೂ ಬರುತ್ತದೆ. ಅಂತಹ ಶಾಲೆಗಳಲ್ಲಿ ಕೈಗೆ ಕೆಲಸ ಕೊಡುವುದು ಇದಕ್ಕಾಗಿಯೇ ಎಂದು ನನಗೆ ಅಂದು ತಿಳಿಯಿತು.

ಮಾರ್ಚ್ ತಿಂಗಳ ನಡುವೆ ಒಂದು ದಿನ ಆ ಹುಡುಗ ಅಂಗಳದಿಂದ ಓಡಿಬಂದು, “ಮೇಷ್ಟ್ರೇ, 26 ನಿಮಿಷ! ನೆರಳು ಹಿಂದಕ್ಕೆ ಬರ್ತಾ ಇದೆ” ಎಂದು ಪುಸ್ತಕ ಚಾಚಿದ. ಅದರಲ್ಲಿ ಈಗಲೂ ‘ನೆರಲು’ ಎಂದೇ ಬರೆದಿತ್ತು. ನಾನು ಮೊದಲು ಅಂಕಿಯನ್ನು ನೋಡಿದೆ. ಅವನೊಡನೆ ಅಂಗಳಕ್ಕೆ ಹೋಗಿ ನೆರಳನ್ನೂ ನೋಡಿಬಂದೆ. ಕಾಗುಣಿತವನ್ನು ತಿದ್ದಿದುದು ಆಮೇಲೆ.